ಹೆಬ್ಬೆಟ್ಟಿಗೆ ಒಂದು ಟೀ

ಆರನೇ ಕ್ಲಾಸಿಗೇ ಶಾಲೆ ಬಿಟ್ಟ ವಸೀಮನನ್ನು ಊರವರು ಹೆಬ್ಬೆಟ್ಟು ಎಂದೇ ಕರೆಯುತ್ತಿದ್ದರು. ಈಗ ರೇಷನ್ ಅಂಗಡಿಯ ಮೆಷಿನ್ನು ಆ ಹೆಬ್ಬೆಟ್ಟೂ ಅವನದಲ್ಲ ಎನ್ನುತ್ತಿತ್ತು. ಹತ್ತು ಬೆರಳನ್ನೂ ಇಟ್ಟು ನೋಡಿದ. ಹತ್ತಕ್ಕೂ ಕೆಂಪು ದೀಪ.

"ಗ್ಯಾರೇಜ್ ಕೆಲ್ಸ ಅಲ್ವಾ ಮಾರಾಯ, ಪೆಟ್ರೋಲಲ್ಲಿ ಕೈ ತೊಳ್ದು ತೊಳ್ದು ಗೆರೆಯೆಲ್ಲ ಸವೆದಿದೆ," ಎಂದರು ಅಂಗಡಿಯ ಓಂಕಾರಮೂರ್ತಿ. "ನಿಮ್ಮ ಅಮ್ಮನ್ನ ಕರ್ಕೊಂಡು ಬಾ."

"ಅವ್ರು ಕಾಲು ಮುರ್ಕೊಂಡು ಮಲಗಿದ್ದಾರೆ ಓಂಕಾರಣ್ಣ."

"ಹಂಗಾದ್ರೆ ಚರ್ಮ ಸರಿ ಮಾಡ್ಕೋ. ಶನಿವಾರ ಕಡೇ ದಿನ. ಅಷ್ಟರೊಳಗೆ ಹೆಬ್ಬೆಟ್ಟು ಬೀಳ್ಲಿಲ್ಲ ಅಂದ್ರೆ ಈ ತಿಂಗಳ ಅಕ್ಕಿ ಹೋಯ್ತು."

ಮನೆಯ ಅಕ್ಕಿ ಡಬ್ಬದ ತಳ ಆಗಲೇ ಕಾಣುತ್ತಿತ್ತು. ಚರ್ಮವೇನು ಬೈಕಿನ ಟೈರೇ, ಬಿಚ್ಚಿ ಹೊಸದು ಹಾಕಲು? ಬಣಕಲ್ ದಾರಿಯುದ್ದಕ್ಕೂ ಸಿಕ್ಕಿದ ಕಲ್ಲನ್ನೆಲ್ಲ ಒದೆಯುತ್ತ ಮನೆಗೆ ಬಂದ.

ತಂಗಿ ನೌರೀನ್ ಮೊಬೈಲಿನಲ್ಲಿ ಹುಡುಕಿದಳು. "ಟೀ ಚರ್ಮಕ್ಕೆ ಒಳ್ಳೇದಂತೆ ಭಾಯಿ. ಕುಡೀಲೂಬೇಕು, ಹಚ್ಚಲೂಬೇಕು."

ವಸೀಮನಿಗೆ ತಲೆ ಕೆಟ್ಟಿತು. ಚಿಕ್ಕಂದಿನಲ್ಲಿ ಟೀ ಲೋಟ ಮುಟ್ಟಿದಾಗಲೆಲ್ಲ ಅಮ್ಮಿ ರಹೀಮುನ್ನೀಸಾ "ಕಪ್ಪಗಾಗ್ತೀಯ" ಎಂದು ಕೈಗೆ ಹೊಡೆದಿದ್ದರು. ಹೊಟ್ಟೆಗೆ ಹೋದರೆ ಚರ್ಮ ಕೆಡಿಸುವುದು, ಮೇಲೆ ಹಚ್ಚಿದರೆ ರಿಪೇರಿ ಮಾಡುತ್ತದೆಯೇ?

"ಕುಡೀದೇನೇ ಇಷ್ಟು ಕಪ್ಪಗಿದ್ದೀನಲ್ಲ ಅಮ್ಮಿ, ಅದ್ಯಾಕೆ?"

"ಅದು ನಿಮ್ಮಪ್ಪನ ಬಣ್ಣ," ಎಂದರು ಅಮ್ಮಿ ಮಂಚದಿಂದಲೇ. "ಅದಕ್ಕೆ ಟೀನ ಯಾಕೆ ಬೈತೀಯ?"

ಮರುದಿನ ಗ್ಯಾರೇಜಿಗೆ ಹೋಟೆಲಿಂದ ಎರಡು ಟೀ ತರಿಸಿದ. ಒಂದು ಕುಡಿದ, ಇನ್ನೊಂದರಲ್ಲಿ ಹೆಬ್ಬೆಟ್ಟು ಅದ್ದಿ ಕೂತ. ಸಂಜೆ ಮನೆ ಸೇರುವ ಹೊತ್ತಿಗೆ ಬೆರಳಿಗೆ ಇರುವೆ ಮುತ್ತಿದ್ದವು.

"ಹಾಲು ಸಕ್ಕರೆ ಹಾಕಿದ್ದಲ್ಲ ಭಾಯಿ, ಬರೀ ಡಿಕಾಕ್ಷನ್," ಎಂದು ನೌರೀನ್ ನಗು ತಡೆಯಲಾರದೆ ಹೇಳಿದಳು.

"ಮೊದ್ಲೇ ಬೊಗಳೋಕೇನಾಗಿತ್ತು?"

"ಅದ್ರಲ್ಲಿ ಟೀ ಅಂತಷ್ಟೇ ಇತ್ತು."

ಮತ್ತೆರಡು ದಿನ ಡಿಕಾಕ್ಷನ್ನಿನಲ್ಲೇ ಅದ್ದಿದ, ಅದನ್ನೇ ಕುಡಿದ. ಎದೆಯುರಿ ಬಂತು. ಶನಿವಾರ ಅಂಗಡಿಗೆ ಹೋದಾಗ ಹೆಬ್ಬೆಟ್ಟು ಕಂದುಬಣ್ಣಕ್ಕೆ ತಿರುಗಿ ನೆನೆದ ಗೋಡಂಬಿಯಂತಿತ್ತು.

ಇಟ್ಟ. ಕೆಂಪು.

"ಮೂರು ದಿನ ಟೀಲಿ ಬೆರಳು ನೆನೆಸಿದ್ದಾಯ್ತು, ಇನ್ನು ಮೆಷಿನ್ನಿಗೂ ಟೀ ಕುಡಿಸ್ಬೇಕಾ ಓಂಕಾರಣ್ಣ?" ಎಂದವನೇ ಸಿಟ್ಟಿನಲ್ಲಿ ಅಂಗಿಯ ತುದಿಯಿಂದ ಅದರ ಗಾಜನ್ನು ಗಸಗಸ ತಿಕ್ಕಿ, ಒಡೆದೇಬಿಡುವವನಂತೆ ಹೆಬ್ಬೆಟ್ಟು ಒತ್ತಿದ.

ಹಸಿರು ದೀಪ.

"ನೋಡಿದ್ರಾ, ಟೀ ಕೆಲ್ಸ ಮಾಡ್ತು," ಎಂದು ಓಂಕಾರಮೂರ್ತಿ ಸಾಲಿನವರಿಗೆಲ್ಲ ಕೇಳುವಂತೆ ಹೇಳಿದರು.

ಟೀಯೂ ಇಲ್ಲ ಗೀಯೂ ಇಲ್ಲ, ನಿಮ್ಮ ಗಾಜು ಕೊಳಕಾಗಿತ್ತು ಎನ್ನಲು ವಸೀಮ್ ಬಾಯಿ ತೆರೆದ. ಆದರೆ ಮೊದಲ ಸಲ ಬಂದಾಗಲೂ ಒರೆಸಿದ್ದನೇ? ನೆನಪಾಗಲಿಲ್ಲ. ಕುಡಿದದ್ದೋ, ಹಚ್ಚಿದ್ದೋ, ಒರೆಸಿದ್ದೋ, ಇಲ್ಲಾ ಸಿಟ್ಟಿನಲ್ಲಿ ಒತ್ತಿದ್ದೋ? ಯಾರ ಮೇಲೆ ರೇಗಬೇಕೆಂದೇ ತಿಳಿಯದೆ ಅಕ್ಕಿ ಚೀಲ ಹೆಗಲಿಗೇರಿಸಿದ.

ಹಿಂದೆ ವಿಮಲಮ್ಮ ನಿಂತಿದ್ದರು. ಎಸ್ಟೇಟಿನಲ್ಲಿ ಕಾಫಿ ಕೊಯ್ದು ಕೊಯ್ದು ಅವರ ಬೆರಳೂ ಸವೆದಿತ್ತು. ಈ ತಿಂಗಳು ಎರಡು ಸಲ ಬರಿಗೈಯಲ್ಲಿ ವಾಪಸಾಗಿದ್ದರು.

"ಎಷ್ಟು ಹೊತ್ತು ನೆನೆಸ್ದೆ ತಮ್ಮಾ? ನಂಗೆ ಇವತ್ತೊಂದೇ ದಿನ ಇರೋದು."

ವಸೀಮ್ ಚೀಲ ಕೆಳಗಿಳಿಸಿದ. ಗಾಜನ್ನು ಮತ್ತೊಮ್ಮೆ ಚೆನ್ನಾಗಿ ಒರೆಸಿದ.

"ಇಡಿ ವಿಮಲಮ್ಮ, ಗಟ್ಟಿ ಒತ್ತಿ. ಬೀಳ್ಲಿಲ್ಲ ಅಂದ್ರೆ ಟೀ ತರಿಸ್ತೀನಿ," ಎಂದ. ಆಮೇಲೆ ತಡೆದು ಸೇರಿಸಿದ, "ಸಕ್ಕರೆ ಇಲ್ದಿರೋದು."