ಅವ್ವಮ್ಮನ ಗಡಿಯಾರ, ಇವರ ಗೇಮು

ಬೇರೆಯವರ ಗಂಡಂದಿರಿಗೆ ಕೋಳಿ ಅಂಕದ ಹುಚ್ಚು, ಇಸ್ಪೀಟಿನ ಹುಚ್ಚು. ನಮ್ಮ ಇವರಿಗೆ ವಿಡಿಯೋ ಗೇಮಿನ ಹುಚ್ಚು. ಹೊಸದಾದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಇವರಿಗೆ ಹಳೆಯದೇ ಬೇಕು. ಎಲ್ಲರೂ ಬಿಸಾಡಿದ್ದು, ಅಟ್ಟಕ್ಕೆ ಎಸೆದದ್ದು, ಗುಜರಿಯವನು ಕೂಡ ಮೂಸಿ ನೋಡದ್ದು.

ಇವರು ಅಂದರೆ ಮುಂಡಪ್ಪ. ಕಲ್ಲಡ್ಕದಲ್ಲಿ ಹೈವೇ ಬದಿಗೆ ನಮ್ಮದೊಂದು ಹೋಟೆಲ್ ಉಂಟು. ಇವರು ಮಾಡುವ ಬನ್ಸ್, ಗೋಳಿಬಜೆಗೆ ಹೆಸರುಂಟು, ಸುಳ್ಳು ಯಾಕೆ ಹೇಳಬೇಕು. ತೊಂಬತ್ತಮೂರರಲ್ಲಿ ಕುವೈಟಿನಿಂದ ಬಂದ ಗಿರಾಕಿಯೊಬ್ಬ ಟಿವಿಗೆ ಸಿಕ್ಕಿಸಿ ಆಡುವ ಗೇಮೊಂದನ್ನು ತಂದು, "ಮುಂಡಪ್ಪಣ್ಣ, ಇದು ಬಂದ ಮೇಲೆ ನಮ್ಮ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ, ನೀವೇ ಇಟ್ಟುಕೊಳ್ಳಿ" ಅಂತ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೋದ. ಅಲ್ಲಿಂದ ಶುರು. ಆಮೇಲೆ ಚಾ ಕುಡಿಯಲಿಕ್ಕೆ ಬಂದ ಯಾವ ಗಲ್ಫಿನವನನ್ನೂ ಇವರು ಸುಮ್ಮನೆ ಬಿಟ್ಟವರಲ್ಲ. "ನಿಮ್ಮಲ್ಲಿ ಹಳೆ ಗೇಮ್ ಏನಾದರೂ ಉಂಟಾ?" ಪ್ಲೇಟಿಗೆ ಎರಡು ಗೋಳಿಬಜೆ ಹೆಚ್ಚು ಬೀಳುತ್ತಿತ್ತು. ನಾನು ಒಳಗಿನಿಂದ ನೋಡಿ ಹಲ್ಲು ಕಡಿಯುತ್ತಿದ್ದೆ.

ಹೀಗೆ ಮೂಡುಬಿದಿರೆಯಿಂದ ಮರದ ಮುಖದ ಎಪ್ಪತ್ತರ ಕಾಲದ ಪೆಟ್ಟಿಗೆ ಬಂತು. ಬೆಳ್ತಂಗಡಿಯಿಂದ ಹಳದಿ ಕ್ಯಾಸೆಟ್ ತುರುಕಿ ಆಡುವಂಥದ್ದು, ಜೊತೆಗೆ ಬಾತುಕೋಳಿಗೆ ಗುಂಡು ಹೊಡೆಯುವ ಪ್ಲಾಸ್ಟಿಕ್ ಕೋವಿ. ಉಜಿರೆಯ ಹಾಸ್ಟೆಲಿನಿಂದ ಯಾರೋ ಬಿಟ್ಟುಹೋದ, ಅಂಗೈಯಲ್ಲಿ ಹಿಡಿದು ಇಟ್ಟಿಗೆ ಜೋಡಿಸುವ ಗೇಮು. ಬೂದು ಬಣ್ಣದ್ದು, ಮಡಚುವುದು, ಬಿಚ್ಚುವುದು, ಕಿರುಚುವುದು, ಕಿರುಚದ್ದು. ಒಂದು ದಿನ ನಾನು ಸೊಂಟಕ್ಕೆ ಕೈ ಕೊಟ್ಟು ಕೇಳಿಯೇ ಬಿಟ್ಟೆ, "ಪ್ರಪಂಚದ ಗೇಮೆಲ್ಲ ನಮ್ಮ ಮನೆಗೇ ಬರಬೇಕಾ ಮಾರಾಯ್ರೆ? ಇದಕ್ಕೊಂದು ಕೊನೆ ಉಂಟಾ, ಇಲ್ಲವಾ?"

"ಪ್ರಪಂಚದ್ದು ಯಾರಿಗೆ ಬೇಕು?" ಅಂದರು ಇವರು. "ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಸುತ್ತಿನ ಊರುಗಳಿಗೆ ಬಂದ ಗೇಮಿನ ಜಾತಿಗಳಲ್ಲಿ ಒಂದೊಂದು. ಅಷ್ಟಾದರೆ ಪೂರ್ತಿ."

ಪೂರ್ತಿ! ಆ ಒಂದು ಶಬ್ದ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ನಮ್ಮದು ದೊಡ್ಡ ಮನೆಯೇನಲ್ಲ. ಇದ್ದ ಒಂದು ಹೆಚ್ಚಿನ ಕೋಣೆಯಲ್ಲಿ ನೆಲದಿಂದ ಮಾಡಿನವರೆಗೆ ಇವರ ಗೇಮುಗಳು. ನಮ್ಮ ಮಗಳು ಪ್ರಾಪ್ತಿ ಊಟದ ಮೇಜಿನ ಮೂಲೆಯಲ್ಲಿ, ಸಾರಿನ ಪಾತ್ರೆ ಆಚೆ ಸರಿಸಿ ಓದಬೇಕು. ಎರಡು ಸಾವಿರದ ನಾಲ್ಕಕ್ಕೆ ಅವಳು ಎಸ್ಸೆಸ್ಸೆಲ್ಸಿಗೆ ಬಂದಳು. ಗಣಿತದ ಪುಸ್ತಕಕ್ಕೆ ತಿಳಿಸಾರು ಚೆಲ್ಲಿದ ದಿನ ನನಗೆ ತಡೆಯಲಿಕ್ಕೆ ಆಗಲಿಲ್ಲ. ಆಕಾಶ ಭೂಮಿ ಒಂದು ಮಾಡಿದೆ.

ಇವರು ತಣ್ಣಗಾದರು. "ಕಾಂತಿ, ಇನ್ನು ಒಂದೇ ಬಾಕಿ. ಅದು ಸಿಕ್ಕಿ ಪೂರ್ತಿಯಾದ ದಿನ ಕೋಣೆ ಖಾಲಿ ಮಾಡಿ ಎಲ್ಲವನ್ನೂ ಹೋಟೆಲಿನ ಕನ್ನಡಿ ಕಪಾಟಿಗೆ ಸಾಗಿಸ್ತೇನೆ. ಮತ್ತೆ ಒಂದೂ ತರುವುದಿಲ್ಲ. ಪೂರ್ತಿ ಆಗುವವರೆಗೆ ಮಾತ್ರ ಕೋಣೆ ನನಗೆ ಬಿಡು. ಪಣೋಲಿಬೈಲಿನ ಕಲ್ಲುರ್ಟಿಯ ಆಣೆ."

ಕಲ್ಲುರ್ಟಿ ನಮ್ಮ ಊರಿನ ದೈವ, ಅವಳ ಹೆಸರೆತ್ತಿದ ಮೇಲೆ ನಮ್ಮ ಕಡೆ ಅದರ ಮೇಲೆ ಮಾತಿಲ್ಲ. ಅವಳ ಆಣೆಯಲ್ಲಿ ಅರ್ಧಂಬರ್ಧ ನಡೆಯುವುದಿಲ್ಲ. ಸರಿ, ಆ ಬಾಕಿ ಇದ್ದ ಒಂದು ಯಾವುದು ಅಂತ ಕೇಳಿದೆ.

ಇವರು ಹೈಸ್ಕೂಲಿಗೆ ಹೋಗುವಾಗ ಸಿದ್ಧಕಟ್ಟೆಯ ಬಸ್ಸಿನಲ್ಲಿ ಗಲ್ಫಿನಿಂದ ಬಂದವರೊಬ್ಬರ ಕೈಯಲ್ಲಿ ನೋಡಿದ್ದಂತೆ. ಅಂಗೈಯಗಲದ ಕಿತ್ತಳೆ ಬಣ್ಣದ್ದು. ಅದರೊಳಗೆ ಬಾಣಲೆ ಹಿಡಿದ ಅಡುಗೆ ಭಟ್ಟ, ಮೇಲಿನಿಂದ ಬೀಳುವ ಮೀನನ್ನು ಬಾಣಲೆಯಲ್ಲಿ ಹಿಡಿದು ಹಿಡಿದು ಹಾರಿಸುವುದು. "ಒಮ್ಮೆ ಕೊಡ್ತೀರಾ ಅಂತ ಕೇಳುವಷ್ಟರಲ್ಲಿ ಅವರ ಸ್ಟಾಪ್ ಬಂತು" ಅಂದರು. ಹೇಳುವಾಗ ಈ ಪ್ರಾಯದಲ್ಲೂ ಆ ಹುಡುಗನ ಮುಖವೇ ಬಂತು, ಪಾಪ. ಇಷ್ಟು ವರ್ಷ ಗೇಮು ಕೂಡಿಸಿದ್ದೆಲ್ಲ ಆ ಒಂದರ ಬೆನ್ನು ಹತ್ತಿಯೇ ಅಂತ ನನಗೆ ಅವತ್ತು ಗೊತ್ತಾಯಿತು.

ಅಂದಿನಿಂದ ಇವರಿಗಿಂತ ಹೆಚ್ಚು ಹುಡುಕಿದವಳು ನಾನು. ನನಗೆ ಕೋಣೆ ಬೇಕಿತ್ತು.

ಸಿಕ್ಕಿದ್ದು ಎಲ್ಲಿ ಹೇಳಿ? ಪಕ್ಕದ ಮನೆಯ ಜುಲೈಕಾ ಮೊಸರಿಗೆ ಹೆಪ್ಪು ಕೇಳಲಿಕ್ಕೆ ಬಂದವಳು, ನಾನು ಧೂಳು ಹೊಡೆಯುತ್ತಿದ್ದ ಕೋಣೆಗೆ ತಲೆ ಹಾಕಿದಳು. ಮಡಚುವ ಗೇಮೊಂದನ್ನು ಎತ್ತಿ ನೋಡಿ, "ಕಾಂತಿಯಕ್ಕ, ಇಂಥ ಗಡಿಯಾರ ಸಿದ್ಧಕಟ್ಟೆಯಲ್ಲಿ ನಮ್ಮ ಅಜ್ಜಿಯ ಹತ್ತಿರವೂ ಉಂಟು. ಒಳಗೆ ಬಾಣಲೆ ಹಿಡಿದ ಒಬ್ಬ ಇದ್ದಾನೆ" ಅಂದಳು.

ನನ್ನ ಕೈಯಿಂದ ಬಟ್ಟೆ ಬಿತ್ತು. "ಗಡಿಯಾರವಾ?"

"ಮತ್ತೆ ಎಂತದು? ಟೈಮ್ ತೋರಿಸ್ತದಲ್ಲ. ಅಲಾರಾಂ ಕೂಡ ಉಂಟು."

ಇವರಿಗೆ ಹೇಳಿದೆ. ಹಣೆ ಹಣೆ ಬಡಿದುಕೊಂಡರು. "ಜುಲೈಕಾಳ ಅಜ್ಜಿ ಅವ್ವಮ್ಮನ ಮನೆಯಲ್ಲಾ? ಅಲ್ಲಿಗೆ ನಾನೇ ಹೋಗಿದ್ದೆನಲ್ಲ! ವಿಡಿಯೋ ಗೇಮ್ ಉಂಟಾ ಅಂತ ಕೇಳಿದೆ. ಅಂಥದ್ದೆಲ್ಲ ನಮ್ಮಲ್ಲಿ ಇಲ್ಲ ಮಗಾ ಅಂತ ಹೇಳಿ ಬೆಲ್ಲದ ಚಾ ಕೊಟ್ಟು ಕಳಿಸಿದರು." ಆ ಚಾ ಕುಡಿಯುವಾಗ ಅದು ಇವರ ತಲೆಯ ಮೇಲಿನ ಹಲಗೆಯಲ್ಲೇ ಕೂತಿತ್ತಂತೆ. ನಾನು ನಕ್ಕು ನಕ್ಕು ಸುಸ್ತಾದೆ. ಗೇಮ್ ಅಂತ ಕೇಳದೆ ಟೈಮ್ ಎಷ್ಟಾಯಿತು ಅಂತ ಕೇಳಿದ್ದರೂ ಸಾಕಿತ್ತು.

ಜುಲೈಕಾಳನ್ನು ಕರೆದುಕೊಂಡು ನಾನೇ ಸಿದ್ಧಕಟ್ಟೆಗೆ ಹೋದೆ. ಇವರು ಬಂದರೆ ಕೆಲಸ ಕೆಡುತ್ತದೆ, ಆಸೆಯೆಲ್ಲ ಮುಖದಲ್ಲೇ ಕಾಣುವ ಜನ. ಅವ್ವಮ್ಮನದು ತುಂಬಿದ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಮರಿಮಕ್ಕಳು. ಅಜ್ಜಿ ಮಾತ್ರ ಬೆಳ್ಳಗೆ, ಸಣ್ಣಗೆ, ಬಾಯಿ ತುಂಬ ಕುಟ್ಟಿದ ವೀಳ್ಯ. ವಿಷಯ ಹೇಳಿದಾಗ ಹಲಗೆಯಿಂದ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

"ದೊಡ್ಡ ಮಗ ಮೊದಲ ಸಲ ಊರಿಗೆ ಬರುವಾಗ ತಂದದ್ದು ಮಗಾ. ಬೆಳಗಿನ ನಮಾಜಿಗೆ ಈ ಬಾಣಲೆಯವ ನನ್ನನ್ನು ಎಬ್ಬಿಸ್ತಾನೆ, ನಾನು ಮನೆಯವರನ್ನೆಲ್ಲ ಎಬ್ಬಿಸ್ತೇನೆ. ಪಳ್ಳಿ ಇರುವುದು ಗುಡ್ಡದ ಆಚೆ ಬದಿ, ನಮಾಜಿಗೆ ಕರೆಯುವ ಬಾಂಗ್ ಇಲ್ಲಿಗೆ ಕೇಳುವುದಿಲ್ಲ. ಇವ ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ."

ನಾನು ಬಿಡುತ್ತೇನಾ? ಜುಲೈಕಾಳ ಗಂಡ ಅಬ್ದುಲ್ ಸಮದ್ ದುಬೈಯಿಂದ ರಂಜಾನಿಗೆ ಬರುವವನಿದ್ದ. "ಅಜ್ಜಿ, ಈಗ ಬಾಂಗ್ ಕೊಡುವ ಗಡಿಯಾರವೇ ಬಂದಿದೆ. ಪಳ್ಳಿಯ ಹಾಗೆಯೇ ಕಾಣ್ತದೆ, ಹೊತ್ತಿಗೆ ಸರಿಯಾಗಿ ತಾನೇ ಬಾಂಗ್ ಕೊಡ್ತದೆ. ಸಮದನಲ್ಲಿ ಒಂದು ತರಿಸಿ ಕೊಟ್ಟರೆ ಇದನ್ನು ನಮಗೆ ಕೊಡ್ತೀರಾ?" ಅಂದೆ. ಅಜ್ಜಿಯ ಕಣ್ಣು ಅರಳಿತು. "ಮನೆಯೊಳಗೇ ಬಾಂಗಾ!" ಅಂತ ಎರಡು ಸಲ ಹೇಳಿದರು. ಅಲ್ಲಿಗೆ ಒಪ್ಪಿಗೆ ಆಯಿತು.

ಸಮದ್ ಬಂದ. ಹಸಿರು ಗುಮ್ಮಟದ ಗಡಿಯಾರವೂ ಬಂತು. "ಎಲ್ಲ ಸೆಟ್ ಮಾಡಿ ಉಂಟು ಕಾಂತಿಯಕ್ಕ, ಯಾರೂ ಏನೂ ಒತ್ತಬೇಡಿ" ಅಂದ. ರಂಜಾನಿನ ಚಂದ್ರ ಕಾಣುವ ಸಂಜೆ ಅದನ್ನು ಸಿದ್ಧಕಟ್ಟೆಗೆ ಮುಟ್ಟಿಸಿದೆವು. ಅಜ್ಜಿ ಹಳೆಯದನ್ನು ತಲೆವಸ್ತ್ರದ ಚುಂಗಿನಲ್ಲಿ ಒರೆಸಿ ನನಗೆ ಕೊಟ್ಟರು. ಕೊಟ್ಟ ಮೇಲೂ ಹಲಗೆಯ ಕಡೆಗೊಮ್ಮೆ ನೋಡಿದರು. ನೋಡಿದ್ದು ನನಗೆ ಕಂಡಿತು. ಆದರೆ ನನ್ನ ಮನಸ್ಸು ಆಗಲೇ ಪ್ರಾಪ್ತಿಯ ಕೋಣೆಗೆ ಸುಣ್ಣ ಬಳಿಯುತ್ತಿತ್ತು.

ಇವರ ಸಂತೋಷ ನೋಡಬೇಕಿತ್ತು ನೀವು! ಕಿತ್ತಳೆ ಬಣ್ಣದ್ದನ್ನು ಎರಡೂ ಕೈಯಲ್ಲಿ ಹಿಡಿದು, ಗಡಿಬಿಡಿಯಲ್ಲಿ ಗುಂಡಿ ಒತ್ತಿ ಒತ್ತಿ, ಬಂದ ಮೀನುಗಳನ್ನೆಲ್ಲ ನೆಲಕ್ಕೆ ಬೀಳಿಸಿದರು. "ಪೂರ್ತಿ ಆಯ್ತು ಕಾಂತಿ" ಅಂದರು. ಕಣ್ಣಲ್ಲಿ ನೀರು. ನನಗೂ ಬಂತು, ನನ್ನದು ಬೇರೆ ಕಾರಣಕ್ಕೆ. ಆಣೆಯ ಪ್ರಕಾರ ಅವತ್ತೇ ಎಲ್ಲವೂ ಹೋಟೆಲಿನ ಕಪಾಟಿಗೆ ಹೋಯಿತು. ಪ್ರಾಪ್ತಿ ಖಾಲಿ ಕೋಣೆಯ ನಡುವೆ ನಿಂತು ಒಂದು ಸುತ್ತು ಕುಣಿದಳು.

ಮಾರನೇ ದಿನ ಸಿದ್ಧಕಟ್ಟೆಯಲ್ಲಿ ಏನಾಯಿತು ಗೊತ್ತುಂಟಾ? ಗಲ್ಫಿನವರ ಒಂದು ಅಭ್ಯಾಸ ನಿಮಗೆ ಗೊತ್ತಿರಬಹುದು. ರಜೆಗೆ ಊರಿಗೆ ಬಂದರೂ ಕೈಯ ವಾಚನ್ನು ಅಲ್ಲಿಯ ಟೈಮಿನಲ್ಲೇ ಇಡುತ್ತಾರೆ, ಕಂಪೆನಿಗೆ ಫೋನ್ ಮಾಡಬೇಕಲ್ಲ. ಸಮದನೂ ಅದೇ ಜಾತಿ. ಗಡಿಯಾರದ ಮುಳ್ಳನ್ನು ಮಾತ್ರ ನಮ್ಮ ಊರಿಗೆ ತಿರುಗಿಸಿದ್ದ. ಒಳಗಿನ ಬಾಂಗ್ ನಮಗಿಂತ ಒಂದೂವರೆ ಗಂಟೆ ಹಿಂದಿರುವ ದುಬೈ ಟೈಮಿನಲ್ಲೇ ಉಳಿದಿತ್ತು. ಮೊದಲ ಉಪವಾಸದ ದಿನ ಸಹರಿಗೆ ಎಬ್ಬಿಸಲಿಕ್ಕೆ ಇಟ್ಟ ಬಾಂಗನ್ನು ಹಸಿರು ಗುಮ್ಮಟ ಕೊಡುವಾಗ ಸಿದ್ಧಕಟ್ಟೆಯಲ್ಲಿ ಬೆಳಕು ಹರಿದಿತ್ತು. ಇಡೀ ಮನೆ ನಸುಕಿಗೆ ಮುಂಚೆ ಮಾಡುವ ಆ ಊಟ ತಪ್ಪಿ, ಖಾಲಿ ಹೊಟ್ಟೆಯಲ್ಲಿ ಸಂಜೆಯವರೆಗೆ ಉಪವಾಸ ಕೂತಿತು.

ಸಮದ್ ಓಡಿಹೋಗಿ ಸರಿ ಮಾಡಿ ಬಂದ. ಆಮೇಲೆ ಅದು ಸರಿಯಾಗಿಯೇ ಬಾಂಗ್ ಕೊಟ್ಟಿತು. ಸರಿ ಹೋಗದ್ದು ಅವ್ವಮ್ಮ. ಕೆಲವು ದಿನ ಕಳೆದು ಜುಲೈಕಾ ಸಣ್ಣ ಮುಖ ಮಾಡಿಕೊಂಡು ಬಂದಳು. "ಅಜ್ಜಿಗೆ ಗಡಿಯಾರದ ಮೇಲೆ ನಂಬಿಕೆ ಹೋಗಿದೆ ಕಾಂತಿಯಕ್ಕ. ಮತ್ತೆ ತಪ್ಪಿದರೆ ಮಕ್ಕಳು ಹಸಿದಿರ್ತಾರೆ ಅಂತ ರಾತ್ರಿಯಿಡೀ ಕೂತೇ ಇರ್ತಾರೆ. ಮಲಗುವುದೇ ಇಲ್ಲ. ಹಳೆಯದನ್ನು ಕೇಳುವ ಅಂದರೆ, ಕೊಟ್ಟದ್ದನ್ನು ಕೇಳಬಾರದು ಅಂತ ನನಗೇ ಬೈದರು."

ಆ ಪ್ರಾಯದವರು, ನೋಂಪು ಹಿಡಿದವರು, ನಿದ್ದೆ ಬಿಟ್ಟು ಗೋಡೆಗೆ ಒರಗಿ ಕೂತಿದ್ದಾರೆ. ನಮ್ಮ ಕಪಾಟಿನಲ್ಲಿ ಅವರ ಗಡಿಯಾರ ಗಿರಾಕಿಗಳಿಗೆ ಮೀನು ಹುರಿದು ತೋರಿಸ್ತಾ ಉಂಟು. ಸಮದನಿಗೆ ನಾಲ್ಕು ಬೈದೆ. ಸಮಾಧಾನ ಆಗಲಿಲ್ಲ. ಇವರಿಗೆ ಹೇಗೆ ಹೇಳುವುದು ಅಂತ ಹೋಟೆಲಿಗೆ ಹೋದರೆ, ಇವರೇ ಕಪಾಟಿನ ಬಾಗಿಲು ತೆಗೆದು ನಿಂತಿದ್ದರು. ಸಮದ್ ಮೊದಲೇ ಹೇಳಿದ್ದನಂತೆ.

"ಕೊಟ್ಟು ಬರುವ" ಅಂದರು. ಧ್ವನಿ ಕುಗ್ಗಿತ್ತು. "ಆದರೆ ಕಾಂತಿ, ಇದು ಹೋದರೆ ಪೂರ್ತಿ ಅಲ್ಲವಲ್ಲ. ಆಣೆ ಹಾಕಿದ್ದು ಪೂರ್ತಿಗೆ. ಪೂರ್ತಿ ಅಂತ ಬಾಯಿಬಿಟ್ಟು ಹೇಳಿಯೂ ಆಗಿದೆ. ಕಲ್ಲುರ್ಟಿಯ ಎದುರು ಸುಳ್ಳುಗಾರ ಆದೆ."

ನನಗೆ ಎರಡೆರಡು ಚಿಂತೆ. ಇವರ ಮುಖ ನೋಡಲಿಕ್ಕೆ ಆಗುವುದಿಲ್ಲ. ಪೂರ್ತಿ ಅಲ್ಲವೆಂದರೆ ಸಾಮಾನೆಲ್ಲ ಪುನಃ ಪ್ರಾಪ್ತಿಯ ಕೋಣೆಗೆ. ಹಾಗೆಯೇ ಇಬ್ಬರೂ ಸಿದ್ಧಕಟ್ಟೆಯ ಬಸ್ಸು ಹತ್ತಿದೆವು.

ಅವ್ವಮ್ಮ ಜಗಲಿಯಲ್ಲಿದ್ದರು. ಕಣ್ಣು ಒಳಗೆ ಹೋಗಿತ್ತು. ಇವರು ಕಿತ್ತಳೆ ಬಣ್ಣದ್ದನ್ನು ಎದುರಿಗೆ ಹಿಡಿದಾಗ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬೇಡ ಮಗಾ. ಕೊಟ್ಟದ್ದು ಕೊಟ್ಟ ಹಾಗೆ. ವಾಪಸು ತೆಕ್ಕೊಳ್ಳುವ ಮರ್ಯಾದೆಗೇಡಿ ಕೆಲಸ ಈ ಮನೆಯಲ್ಲಿ ಇಲ್ಲ."

ಒಬ್ಬರು ಇಟ್ಟುಕೊಳ್ಳುವುದಿಲ್ಲ ಅಂತಾರೆ, ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ ಅಂತಾರೆ. ಇಬ್ಬರ ಹಟಕ್ಕೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಳದ ಆಚೆ ಹಟ್ಟಿಯಲ್ಲಿ ಒಂದು ದನ ಕೂಗಿತು, ನೋಡಿ. ನನ್ನ ಬಾಯಿಗೆ ಮಾತು ಬಂತು.

"ಅಜ್ಜಿ, ಆ ದನ ಯಾರದ್ದು?"

"ಅದು ಪದ್ಮಯ್ಯನದ್ದು. ಅವರ ಮನೆಯಲ್ಲಿ ಸಾಕಲಿಕ್ಕೆ ಜನ ಇಲ್ಲ, ನಮ್ಮಲ್ಲಿ ಪಾಲಿಗೆ ಬಿಟ್ಟಿದ್ದಾರೆ. ಹಾಲು ನಮಗೆ. ಕರು ಹಾಕಿದರೆ ಪಾಲು."

"ನಿಮ್ಮ ಹಟ್ಟಿಯಲ್ಲಿ ಉಂಟಂತ ಅದು ಪದ್ಮಯ್ಯನವರ ದನ ಅಲ್ಲದೆ ಹೋಗ್ತದಾ?"

"ಅದು ಹೇಗೆ ಹೋಗ್ತದೆ? ದನ ಅವರದ್ದೇ."

"ಹಾಗಾದರೆ ಇದನ್ನೂ ನಾವು ನಿಮ್ಮಲ್ಲಿ ಪಾಲಿಗೆ ಬಿಡ್ತೇವೆ!" ಅಂದೆ. ಇವರ ಕಡೆ ತಿರುಗಿದೆ. "ಏನು ನೋಡ್ತೀರಿ? ಗೇಮ್ ನಿಮ್ಮದು, ಲೆಕ್ಕ ಪೂರ್ತಿ. ಎಬ್ಬಿಸುವುದು ಅಜ್ಜಿಗೆ. ಕಲ್ಲುರ್ಟಿಯೂ ಈ ಊರಿನವಳೇ, ಪಾಲಿಗೆ ಬಿಡುವುದು ಅಂದರೆ ಏನು ಅಂತ ಅವಳಿಗೂ ಗೊತ್ತುಂಟು."

ಇವರು ಬಾಯಿ ತೆರೆದು ಅಜ್ಜಿಯನ್ನು ನೋಡಿದರು, ಅಜ್ಜಿ ಇವರನ್ನು ನೋಡಿದರು. ಅವ್ವಮ್ಮ ನಿಧಾನ ಕೈ ಚಾಚಿದರು. ತಗೊಂಡು ಎದೆಗೆ ಒತ್ತಿದರು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಗು ಬಂತು.

"ಆಯ್ತು ಮಗಾ. ಕರು ಹಾಕಿದರೆ ಅರ್ಧ ನಿಮಗೆ."

ಇವರು ಗೊಳ್ಳೆಂದು ನಕ್ಕರು. ನಕ್ಕು ನಕ್ಕು, ತೋರುಬೆರಳಿನಲ್ಲಿ ಕಣ್ಣು ಒರೆಸಿಕೊಂಡು, ಅಜ್ಜಿಯ ಪಕ್ಕ ಜಗಲಿಯಲ್ಲೇ ಕೂತು, ಯಾವ ಗುಂಡಿ ಒತ್ತಿದರೆ ಮೀನು ಬೀಳ್ತದೆ ಅಂತ ತೋರಿಸಿದರು. ಅಜ್ಜಿಗೆ ಆಶ್ಚರ್ಯವೋ ಆಶ್ಚರ್ಯ. "ಇಷ್ಟು ವರ್ಷ ಇವನಿಗೆ ಇಂಥ ಕೆಲಸವೂ ಬರ್ತದೆ ಅಂತ ಹೇಳಲೇ ಇಲ್ಲ, ಕಳ್ಳ!" ಮೂರು ಮೀನು ಹಿಡಿದರು. ನಮ್ಮ ಇವರಿಗಿಂತ ಹೆಚ್ಚು.

ಪ್ರಾಪ್ತಿ ಈಗ ತನ್ನ ಕೋಣೆಯಲ್ಲಿ ಬಾಗಿಲು ಹಾಕಿ ಓದುತ್ತಾಳೆ, ಅಥವಾ ಓದುವ ಹಾಗೆ ಮಾಡುತ್ತಾಳೆ. ಹೋಟೆಲಿಗೆ ಬಂದವರು ಕಪಾಟಿನ ಎದುರು ನಿಂತು ಚಾ ಕುಡಿಯುತ್ತಾರೆ. ನಡುವಿನ ಸಾಲಿನಲ್ಲಿ ಅಂಗೈಯಗಲದ ಜಾಗ ಖಾಲಿ ಬಿಟ್ಟದ್ದು ನೋಡಿ, ಎಲ್ಲರೂ ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ, "ಇಲ್ಲೊಂದು ಕಡಿಮೆ ಉಂಟಲ್ಲ ಮುಂಡಪ್ಪಣ್ಣ?"

ಆಗ ಇವರ ಎದೆ ಉಬ್ಬುವುದನ್ನು ನೋಡಬೇಕು. ಎಣ್ಣೆಯಿಂದ ಗೋಳಿಬಜೆ ಎತ್ತುತ್ತ, ತಿರುಗಿ ಕೂಡ ನೋಡದೆ ಹೇಳುತ್ತಾರೆ: "ಕಡಿಮೆ ಏನಿಲ್ಲ. ಇಲ್ಲಿ ಕೂತವರೆಲ್ಲ ರಿಟೈರ್ಡ್. ಅದೊಂದು ಸಿದ್ಧಕಟ್ಟೆಯಲ್ಲಿ ಡ್ಯೂಟಿಯಲ್ಲಿ ಉಂಟು."