ಮುಚ್ಚುವ ಮುನ್ನ ಕೂಗುತ್ತಿದ್ದ ಗದಿಗೆಪ್ಪ

ಗದಿಗೆಪ್ಪನವರು ಯಾವ ಮುಚ್ಚಳವನ್ನೂ ಕೂಗದೆ ಮುಚ್ಚಿದವರಲ್ಲ. ಪೀಣ್ಯದಲ್ಲಿ ವಸಂತ್ ಎಂಬಾತ ನಡೆಸುತ್ತಿದ್ದ ಉಕ್ಕಿನ ಟ್ಯಾಂಕುಗಳ ಷೆಡ್ಡಿನಲ್ಲಿ, ಒಬ್ಬ ಆಳು ನುಸುಳುವಷ್ಟೇ ಅಗಲದ ಟ್ಯಾಂಕಿನ ಬಾಯಿಯ ಬಳಿ ಮಂಡಿಯೂರಿ, ತಲೆಯನ್ನು ಕತ್ತಲೊಳಗೆ ತೂರಿಸಿ, "ಯಾರರ ಅದೀರೇನು ಒಳಗ?" ಎಂದು ಕೇಳಿ, ಉಸಿರು ಬಿಗಿಹಿಡಿದು ಕಾದು, ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ, ಒಡಿಯಾದಲ್ಲಿ ಕೇಳಿ, ಒಂದೊಂದು ಭಾಷೆಗೂ ಅಷ್ಟಷ್ಟೇ ಹೊತ್ತು ಕಾದು, ಒಳಗಿನ ಶೂನ್ಯದಿಂದ ಏನೂ ಬಾರದಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅವರು ಎದ್ದು, ಬೋಲ್ಟು ಬಿಗಿಯಲು ಕೈಸನ್ನೆ ಮಾಡುತ್ತಿದ್ದರು. ಇದು ಟ್ಯಾಂಕಿಗಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಲಾರಿಯ ಹಿಂಬಾಗಿಲಿಗೂ ಕೂಗುತ್ತಿದ್ದರು, ಸಾಮಾನಿನ ಕೋಣೆಗೂ ಕೂಗುತ್ತಿದ್ದರು. ಟಿ. ದಾಸರಹಳ್ಳಿಯಲ್ಲಿ ಅವರಿದ್ದ ಬಾಡಿಗೆ ಮನೆಯ ನೀರಿನ ಸಂಪಿನೊಳಕ್ಕೂ ಕೂಗುವುದನ್ನು ಕಂಡು ಮನೆಯೊಡತಿ ಭಾಗ್ಯಮ್ಮ, "ಅಯ್ಯೋ ಬಿಡಜ್ಜ, ನಮ್ ಸಂಪಲ್ಲಿ ನೀರೇ ಇರಲ್ಲ, ಇನ್ ಮನುಷ್ರು ಎಲ್ಲಿಂದ ಬರ್ತಾರೆ?" ಎಂದು ರೇಗುತ್ತಿದ್ದರು.

ನಾನು ಆಗ ಒಂದು ಖಾಸಗಿ ತಪಾಸಣಾ ಸಂಸ್ಥೆಯ ನೌಕರ. ಸಿದ್ಧವಾದ ಟ್ಯಾಂಕಿನ ಬೆಸುಗೆಗಳನ್ನು ಒಳಗೂ ಹೊರಗೂ ನೋಡಿ, ಮುಚ್ಚಳ ಬಿಗಿಸಿ, ನೀರು ತುಂಬಿಸಿ, ಒತ್ತಡಕ್ಕೆ ಎಲ್ಲಿಯಾದರೂ ಒಸರುತ್ತದೆಯೇ ಎಂದು ಪರೀಕ್ಷಿಸಿ ಮೊಹರು ಹಾಕುವುದು ನನ್ನ ಉದ್ಯೋಗ. ಮೊದಲ ಸಲ ಈ ಬಹುಭಾಷಾ ಆರಾಧನೆಯನ್ನು ಕಂಡಾಗ ನನಗೆ ಬಂದದ್ದು ಭಕ್ತಿಯಲ್ಲ, ಸಿಟ್ಟು. ಮೇಲ್ಸೇತುವೆಯೂ ಮೆಟ್ರೊ ಕಂಬಗಳೂ ಒಂದರ ಹಿಂದೊಂದು ಏಳುತ್ತಿದ್ದ ಕಾಲ. ತುಮಕೂರು ರಸ್ತೆ ಸಂಜೆಯಾದರೆ ಅಲುಗಾಡುತ್ತಿರಲಿಲ್ಲ. ಅಜ್ಜಿಗೆ ಅರಿವೆಯ ಚಿಂತೆಯಾದರೆ ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂಬಂತೆ ವಸಂತನಿಗೆ ಲಾರಿ ಹೊರಡಿಸುವ ಚಿಂತೆ, ನನಗೆ ಗೊರಗುಂಟೆಪಾಳ್ಯ ದಾಟುವ ಚಿಂತೆ, ಈ ಮುದುಕರಿಗೆ ಮಾತ್ರ ಖಾಲಿ ತಗಡಿನೊಡನೆ ಒಡಿಯಾದಲ್ಲಿ ಮಾತಾಡುವ ಚಿಂತೆ. "ಏನ್ರೀ ವಸಂತ್ ಇದು?" ಎಂದರೆ ಆತ ಹಣೆ ಒತ್ತಿಕೊಂಡು, "ನಮ್ಮಪ್ಪನ ಕಾಲದವ್ರು ಸಾರ್. ಬಿಸಿ ತುಪ್ಪ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದ. ವರ್ಷಗಟ್ಟಲೆ ಅಡ್ಜಸ್ಟ್ ಮಾಡಿಕೊಂಡೆ.

ಗದಿಗೆಪ್ಪನವರ ನಡಿಗೆಯೂ ಈ ಊರಿನದಲ್ಲ. ನೆಲ ಯಾವ ಕ್ಷಣದಲ್ಲಾದರೂ ವಾಲೀತು ಎಂಬ ಶಂಕೆಯಲ್ಲಿ ಕಾಲುಗಳನ್ನು ಅಗಲಿಸಿಯೇ ಹೆಜ್ಜೆಯಿಡುವರು. ಲಾರಿಯೇ ನುಗ್ಗಬಹುದಾದ ಷೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ, ಇಲ್ಲದ ಹೊಸ್ತಿಲನ್ನು ಪಾದವೆತ್ತಿ ದಾಟುವರು. ಡಿಸೆಂಬರಿನ ಬೆಳಗುಗಳಲ್ಲಿ ದಪ್ಪ ಉಣ್ಣೆಯ ಕಡುನೀಲಿ ಕೋಟೊಂದು ಅವರ ಮೈಮೇಲಿರುತ್ತಿತ್ತು. ಗುಂಡಿಗಳೆಲ್ಲ ಎಂದೋ ಉದುರಿ, ಅವುಗಳ ಜಾಗದಲ್ಲಿ ಬಗೆಬಗೆಯ ಅಂಗಿಗಳ ಗುಂಡಿಗಳು ಬಂದು ಕೂತಿದ್ದವು. ಗದಗಿನ ಕಡೆಯ ಎರೆಭೂಮಿಯ ಮನುಷ್ಯನಿಗೆ ಈ ಕೋಟು, ಈ ನಡಿಗೆ ಎಲ್ಲಿಂದ ಬಂತೆಂದು ಒಂದು ಮಧ್ಯಾಹ್ನ ಕರೆಂಟು ಹೋಗಿ ಪರೀಕ್ಷೆ ನಿಂತಾಗ, ಬೇರೇನೂ ಮಾಡಲು ತೋಚದೆ ಕೇಳಿದೆ. "ಹಡಗಿಂದ್ರಿ ಸಾಹೇಬ್ರ," ಎಂದರು. ಕರೆಂಟು ಸಂಜೆಯವರೆಗೂ ಬರಲಿಲ್ಲ.

ಅದು ವಿಮಾನಗಳನ್ನು ಹೊರುವ ಹಡಗು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮಗಾಗಿ ಕಟ್ಟತೊಡಗಿದ್ದು. ಯುದ್ಧ ಮುಗಿದದ್ದೇ ಕೆಲಸ ನಿಲ್ಲಿಸಿ, ಅರ್ಧ ಕಟ್ಟಿದ ಆ ಒಡಲನ್ನು ಒಂದು ಹಿನ್ನೀರಿನಲ್ಲಿ ಕಟ್ಟಿಹಾಕಿ ಮರೆತುಬಿಟ್ಟರು. ವರ್ಷಗಳ ತರುವಾಯ, ಆಗತಾನೆ ಸ್ವತಂತ್ರವಾಗಿ ತನ್ನದೊಂದು ನೌಕಾಪಡೆಯನ್ನು ಕಟ್ಟಿಕೊಳ್ಳಲು ಹೊರಟಿದ್ದ ನಮ್ಮ ದೇಶ ಅದನ್ನು ಕೊಂಡಿತು. ಪೂರ್ಣಗೊಳಿಸುವುದೆಂದರೆ ಮೊದಲು ಬಿಚ್ಚುವುದು: ಹಳೆಯ ತಂತಿಗಳನ್ನೆಲ್ಲ ಕಿತ್ತೆಸೆಯಬೇಕು, ಹೊಸ ಬಗೆಯ ವಿಮಾನಗಳು ಇಳಿಯುವಂತೆ ಡೆಕ್ಕಿನ ಅಟ್ಟವನ್ನು ಓರೆಯಾಗಿ ಮಾರ್ಪಡಿಸಬೇಕು, ಚಳಿಯ ಕಡಲಿಗೆಂದು ಯೋಚಿಸಿದ ಒಡಲೊಳಕ್ಕೆ ನಮ್ಮ ಸೆಕೆಗೆ ತಕ್ಕ ಗಾಳಿಯ ಕೊಳವೆಗಳನ್ನು ಎಳೆಯಬೇಕು. ಹಡಗನ್ನು ಒಳಗಿನಿಂದಲೇ ಅರಿಯಲಿ ಎಂದು ನಮ್ಮವರು ಕೆಲವರನ್ನು ಮುಂಚಿತವಾಗಿ, ಅದನ್ನು ಕಟ್ಟುತ್ತಿದ್ದ ಬ್ರಿಟಿಷರ ಹಡಗುಕಟ್ಟೆಗೆ ಕಳಿಸಿದ್ದರು. ನೌಕಾಪಡೆ ಸೇರುವತನಕ ಕೆರೆಗಿಂತ ದೊಡ್ಡ ನೀರನ್ನು ಕಾಣದಿದ್ದ ಗದಿಗೆಪ್ಪ ಅವರಲ್ಲೊಬ್ಬ. "ಹೊಸಾ ಹಡಗಂತ ಹೋದ್ರ, ಮುಟ್ಟಿದಲ್ಲೆಲ್ಲ ತುಕ್ಕು ಕೈಗೆ ಬರ್ತಿತ್ರಿ. ಹುಟ್ಟೂಕಿಂತ ಮೊದಲ ಮುದುಕಿ ಆಗಿತ್ತು," ಎಂದು ನಕ್ಕರು.

ಆ ಕಟ್ಟೆಯಲ್ಲಿ ಅವರಿಗೆ ಕೆಲಸ ಕಲಿಸಿದವನು ಬಿಲ್ಲಿ ಎಂಬ ಹಿರಿಯ ಬೆಸುಗೆಗಾರ. ಯುದ್ಧದ ದಿನಗಳಲ್ಲಿ ಇದೇ ಹಡಗಿನ ಮೇಲೆ ದುಡಿದು, ಕೆಲಸ ನಿಂತಾಗ ಮನೆಗೆ ಹೋಗಿ, ಮತ್ತೆ ಶುರುವಾದಾಗ ಕೂದಲು ನರೆತು ಮರಳಿದ್ದವನು. ಕಾರ್ಖಾನೆಯ ಡಬರಿಯಲ್ಲಿ ಕುದಿಸಿದ ಚಹಾ ಕೊಡುತ್ತಿದ್ದ. ಇವರ ಹೆಸರನ್ನು ಹೇಳಲು ಹೋಗಿ ಸೋತು 'ಗ್ಯಾಡಿ' ಎನ್ನುತ್ತಿದ್ದ. ಹಡಗಿನ ತಳದಲ್ಲಿ ಎರಡು ಉಕ್ಕಿನ ಹಾಸುಗಳ ನಡುವೆ ಸಾಲುಸಾಲು ತೊಟ್ಟಿಗಳಿರುತ್ತವೆ. ಅವನ್ನು ಮುಚ್ಚುವ ಮೊದಲು ಕಡೆಯ ಆಳು ಒಳಗೆ ಕೂಗಿ ಕೇಳಬೇಕೆಂಬುದು ಅಲ್ಲಿನ ಪದ್ಧತಿ. ಗದಿಗೆಪ್ಪನಿಗೆ ಅದನ್ನು ಕಲಿಸಿದವನೂ ಬಿಲ್ಲಿಯೇ. ಒಂದು ಚಳಿಗಾಲದ ಸಂಜೆ ಕೂಗುವ ಸರದಿ ಗದಿಗೆಪ್ಪನದು. ಬೆರಳು ಮರಗಟ್ಟಿದ್ದವು, ಬೆಳಗಿನಿಂದ ಪರಭಾಷೆಯಲ್ಲಿ ಆಡಿ ಆಡಿ ನಾಲಿಗೆ ದಣಿದಿತ್ತು. ಆ ದಣಿವಿನಲ್ಲಿ ಅವರು ತಲೆಯನ್ನು ಒಳಗಿಟ್ಟು, ಎರಡು ಸಲ, ಗಟ್ಟಿಯಾಗಿಯೇ, ಕನ್ನಡದಲ್ಲಿ ಕೂಗಿದರು. ಉತ್ತರ ಬರಲಿಲ್ಲ. ಮುಚ್ಚಳ ಬಿಗಿದು ಹೋದರು.

ಒಳಗೆ ಬಿಲ್ಲಿ ಇದ್ದ. ಯುದ್ಧಕಾಲದಲ್ಲಿ ಆ ತೊಟ್ಟಿಯ ಮೂಲೆಯಲ್ಲಿ ತನ್ನ ಮಗಳ ಹೆಸರನ್ನು ಕೆತ್ತಿದ್ದನಂತೆ; ಇನ್ನೂ ಇದೆಯೋ ಇಲ್ಲವೋ ನೋಡೋಣವೆಂದು ಯಾರಿಗೂ ಹೇಳದೆ ನುಸುಳಿದ್ದ. ತುಕ್ಕು ಗಾಳಿಯನ್ನು ತಿನ್ನುತ್ತದೆ; ಮುಚ್ಚಿದ ತೊಟ್ಟಿಯಲ್ಲಿ ಹೊತ್ತು ಹೋದಂತೆ ಉಸಿರಾಡಲು ಏನೂ ಉಳಿಯುವುದಿಲ್ಲ. ಮರುದಿನ ಬೆಳಗ್ಗೆ ಯಾರೋ ಸದ್ದು ಕೇಳಿ ತೆಗೆದಾಗ ಜೀವವೊಂದಿತ್ತು. ಗದಿಗೆಪ್ಪ ಅವನ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೈಮುಗಿದು ನಿಂತರಂತೆ. ಆತ ಹೇಳಿದ ಮಾತನ್ನು ನನಗೆ ಹೇಳುವಾಗ ಅವರು ಷೆಡ್ಡಿನ ತಗಡನ್ನು ನೋಡುತ್ತಿದ್ದರು. "'ನೀ ಕೂಗಿದ್ದು ಕೇಳಿಸ್ತು ಗ್ಯಾಡಿ. ನಿಮ್ಮ ದೇವರಿಗೆ ಏನೋ ಹಾಡಾಕತ್ತೀ ಅನ್ಕೊಂಡೆ. ನಡುವ ಬಾಯಿ ಹಾಕಬಾರದಂತ ಸುಮ್ಮನಾದೆ' ಅಂದ್ರಿ."

ಬಿಲ್ಲಿಯ ಪುಪ್ಪಸ ಮತ್ತೆ ಸರಿಹೋಗಲಿಲ್ಲ. ಹಡಗಿನ ಮೇಲೆ ನಮ್ಮ ಬಾವುಟ ಏರಿದ ದಿನಕ್ಕೆ ಆತ ಇರಲಿಲ್ಲ. ಒಳಗೆ ಹೋದದ್ದು ಆತನದೇ ತಪ್ಪು, ಹುಡುಗ ಕೂಗಿದ್ದನ್ನು ಎಲ್ಲರೂ ಕೇಳಿದ್ದಾರೆ ಎಂದು ಕಟ್ಟೆಯವರು ತೀರ್ಮಾನಿಸಿ ಕೈತೊಳೆದುಕೊಂಡರು. "ಯಾರೂ ಬೈಲಿಲ್ರಿ," ಎಂದರು ಗದಿಗೆಪ್ಪ. "ಬೈದಿದ್ರ ಚಲೋ ಇತ್ತು."

ಅಂದಿನಿಂದ ಅವರಿಗೆ ಬದುಕಿನಲ್ಲಿ ಉಳಿದದ್ದು ಒಂದೇ ಹಂಬಲ: ಉಸಿರಿರುವ ಮನುಷ್ಯನ ಮೇಲೆ ಇನ್ನೊಮ್ಮೆ ಮುಚ್ಚಳ ಹಾಕಬಾರದು. ನೌಕಾಪಡೆಯಿಂದ ನಿವೃತ್ತರಾಗಿ ಪೀಣ್ಯಕ್ಕೆ ಬಂದ ಮೇಲೆ ಅದು ಹಂಬಲವಷ್ಟೇ ಆಗಿರದೆ ದಿನದ ದುಡಿಮೆಯೇ ಆಯಿತು. ಬೇಸಗೆಯ ಮಧ್ಯಾಹ್ನ ಷೆಡ್ಡಿನ ತಗಡು ಕಾದಾಗ ಆಳುಗಳು ಊಟ ಮಾಡಿ ಟ್ಯಾಂಕಿನೊಳಗೇ ಹೋಗಿ ಮಲಗುತ್ತಿದ್ದರು, ಅಲ್ಲಿ ತಂಪು. ಆಳುಗಳೋ, ಇಂದು ರಾಯಚೂರಿನವರು, ನಾಳೆ ಒಡಿಯಾ ಸೀಮೆಯ ಗಂಜಾಮಿನವರು, ನಾಡಿದ್ದು ಅಸ್ಸಾಮಿನವರು. ಹೊಸ ಸೀಮೆಯವನೊಬ್ಬ ಕೆಲಸಕ್ಕೆ ಸೇರಿದ ದಿನವೇ ಗದಿಗೆಪ್ಪ ಅವನ ಪಕ್ಕ ಕೂತು ಅವನ ಭಾಷೆಯ ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡುವರು. ಅದರಾಚೆಗೆ ಒಂದಕ್ಷರವಿಲ್ಲ. ಒಡಿಯಾದಲ್ಲಿ ನೀರು ಕೇಳಲೂ ಬಾರದು, ಅಸ್ಸಾಮಿಯಲ್ಲಿ ಕ್ಷೇಮ ವಿಚಾರಿಸಲೂ ಬಾರದು. ಒಳಗೆ ಯಾರಾದರೂ ಇದ್ದೀರಾ ಎಂಬುದೊಂದು ಬಂದರೆ ಅವರ ಮಟ್ಟಿಗೆ ಆ ಭಾಷೆ ಬಂದಂತೆ. ಗ್ರೈಂಡಿಂಗ್ ಮಾಡುತ್ತಿದ್ದ ಕೊಪ್ಪಳದ ಮಹಾನಂದಾ ಎಂಬ ಹೆಣ್ಣುಮಗಳು, "ಅಜ್ಜಾರ, ನಿಮ್ಮ ಅಸ್ಸಾಮಿ ಕೇಳಿದ್ರ ಒಳಗಿದ್ದಂವಾ ಹೆದರಿ ಇನ್ನೂ ಒಳಗ ಹೋಗ್ತಾನ ಬಿಡ್ರಿ," ಎಂದು ಕಾಡುತ್ತಿದ್ದಳು. ಅವರು ಮಾತ್ರ ನಗದೆ, ಮತ್ತೊಮ್ಮೆ ಸರಿಯಾಗಿ ಹೇಳಿಸಿಕೊಳ್ಳುತ್ತಿದ್ದರು. ಇಷ್ಟು ಕೂಗಿದ್ದಕ್ಕೆ ಎಂದಾದರೂ ಒಳಗಿನಿಂದ ಯಾರಾದರೂ ಓಗೊಟ್ಟಿದ್ದಾರೆಯೇ ಎಂದು ಕೇಳಿದೆ. ನಾನು ಬರುವ ಮುಂಚೆಯೂ, ಆಮೇಲೆಯೂ, ಒಬ್ಬನೂ ಇಲ್ಲ. ಇವರು ಕೂಗುತ್ತಾರೆಂದು ಗೊತ್ತಿದ್ದರಿಂದ ಎಲ್ಲರೂ ಮೊದಲೇ ಎದ್ದು ಬರುತ್ತಿದ್ದರೋ, ಸುಮ್ಮನೆ ಅದೃಷ್ಟವೋ, ಹೇಳುವವರಾರು? "ಬರಲಿಲ್ಲಂದ್ರ ಚಲೋನ ಅಲ್ರಿ," ಎಂದರು. ಆದರೆ ಆ ಮುಖದ ಬಳಲಿಕೆ ಅದು ಚಲೋ ಎಂದು ಹೇಳುತ್ತಿರಲಿಲ್ಲ.

ಆಮೇಲೆ ಅವರ ದನಿ ಹೋಗತೊಡಗಿತು. ಮೊದಲು ಒಡೆಯಿತು, ಆಮೇಲೆ ಕ್ಷೀಣಿಸಿತು, ಕೊನೆಗೆ ಬರಿಯ ಗಾಳಿಯಾಯಿತು. ಗಂಟಲಿನ ವೈದ್ಯರು ಗಡ್ಡೆಯೊಂದನ್ನು ತೆಗೆದು, ಇನ್ನು ಕೂಗಕೂಡದು ಎಂದರು. ವಸಂತ್ ಕೆಟ್ಟವನೇನಲ್ಲ, ಅವನೇ ಆಸ್ಪತ್ರೆಗೆ ಕರೆದೊಯ್ದಿದ್ದ. ಒಂದು ಉಪಾಯವನ್ನೂ ಹುಡುಕಿದ. ಆಳುಗಳಿಂದ ಅವರವರ ಭಾಷೆಯಲ್ಲಿ ಕೂಗಿಸಿ ಮೊಬೈಲಿನಲ್ಲಿ ಹಿಡಿದಿಟ್ಟು, "ತಗೊಳ್ಳಿ ತಾತ, ಇನ್ಮೇಲೆ ಗುಂಡಿ ಒತ್ತಿ, ತೂತಲ್ಲಿ ಇಡಿ, ಅಷ್ಟೇ. ಎಲ್ಲಾ ಭಾಷೆನೂ ಸಕ್ಕತ್ತಾಗಿ ಬರುತ್ತೆ," ಎಂದು ಉತ್ಸಾಹದಿಂದ ತೋರಿಸಿದ. ಗದಿಗೆಪ್ಪ ಅದನ್ನು ಪೂರ್ತಿ ಕೇಳಿ, ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಉಸಿರಿನಲ್ಲೇ ಅಂದರು: "ಬಾಯಿ ಐತಿ. ಕಿವಿ ಎಲ್ಲೈತ್ರಿ ಇದಕ್ಕ?" ವಸಂತ್ ಫೋನನ್ನು ಜೇಬಿಗಿಳಿಸಿದ. ಆ ದಿನದಿಂದ ಮಹಾನಂದಾ ಕೂಗುವುದು, ಇವರು ಟ್ಯಾಂಕಿನ ಬಾಯಿಗೆ ಕಿವಿಗೊಟ್ಟು ಕಾಯುವುದು ಎಂದಾಯಿತು. ಒಂದು ಕಿವಿ ನೌಕಾಪಡೆಯಲ್ಲೇ ಹೋಗಿತ್ತು, ಇನ್ನೊಂದನ್ನು ಕೊಡುತ್ತಿದ್ದರು.

ಅದೇ ವರ್ಷ ಆ ಹಡಗನ್ನು ಗುಜರಿಗೆ ಕೊಟ್ಟರು. ಮುಂಬಯಿಯ ಕಡಲಂಚಿನಲ್ಲಿ ಅದನ್ನು ಕತ್ತರಿಸುತ್ತಿರುವುದನ್ನು ಎದುರಿನ ಚಹಾದಂಗಡಿಯ ಟಿವಿಯಲ್ಲಿ ತೋರಿಸಿದರು. ಅಟ್ಟ ಬಿಚ್ಚಿಕೊಂಡು, ಪಕ್ಕೆ ತೆರೆದು, ಹೊಟ್ಟೆಯೊಳಗಿನ ಕೋಣೆಗಳೆಲ್ಲ ಹೊರಗೆ ಕಾಣುತ್ತಿದ್ದವು. ಎಷ್ಟು ಜನರ ಕೈ, ಎಷ್ಟು ಚಳಿಗಾಲಗಳು ಸೇರಿ ಪೂರ್ತಿಮಾಡಿದ್ದೋ ಅದು ಮತ್ತೆ ಅಪೂರ್ಣವಾಗಿ ನಿಂತಿತ್ತು. ಇವರಿಗೇನಾಗಿರಬೇಡ ಎಂದು ತಿರುಗಿದರೆ ಅವರು ನನ್ನ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿ ತಂದು ಕೇಳಿದ್ದು ಇಷ್ಟೇ: "ಕೊಯ್ಯೂಕಿಂತ ಮೊದಲ ಒಳಗ ಯಾರರ ಕೂಗಿ ಕೇಳಿರ್ತಾರೇನ್ರಿ?" ಕೇಳಿರುತ್ತಾರೆ ಎಂದೆ. ನನಗೇನು ಗೊತ್ತು? ಹಾಗೆನ್ನದೆ ಇನ್ನೇನು ಹೇಳಲಿ?

ಕೆಲವು ವಾರಗಳ ನಂತರದ ಮಧ್ಯಾಹ್ನ. ದೊಡ್ಡದೊಂದು ಟ್ಯಾಂಕಿನ ಒಳಬೆಸುಗೆಯಲ್ಲಿ ಒಂದೆಡೆ ಅನುಮಾನ ಬಂದು, ಮತ್ತೊಮ್ಮೆ ನೋಡಿಬಿಡೋಣವೆಂದು, ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಟಾರ್ಚು ಹಿಡಿದು ಒಬ್ಬನೇ ನುಸುಳಿದೆ. ಹೇಳಿ ಹೋಗಬೇಕಿತ್ತು, ತಪಾಸಣೆಯವನಿಗೆ ಯಾರ ಅಪ್ಪಣೆ ಎಂಬ ಧಿಮಾಕು. ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಹೊರಗೆ ಚಪ್ಪಲಿಗಳ ಸದ್ದು, ನೀರಿನ ಪೈಪು ಎಳೆಯುವ ಸದ್ದು. ಆಗ ಬಂತು ಮಹಾನಂದಾಳ ಕೂಗು: "ಯಾರರ ಅದೀರೇನು ಒಳಗ?"

ಹೊರಗೆ ನಿಂತು ಎಷ್ಟೋ ಸಲ ಕೇಳಿದ್ದ ಮಾತು. ಒಳಗೆ ಕೂತವನಿಗೆ ಅದು ಮಾತಾಗಿ ಬರಲಿಲ್ಲ. ಉಕ್ಕಿನ ಗೋಡೆಯಿಂದ ಗೋಡೆಗೆ ತಾಗಿ, ಅಕ್ಷರಗಳು ಒಂದರೊಳಗೊಂದು ಕರಗಿ, ಗರ್ಭಗುಡಿಯ ಘಂಟೆಯ ಕಡೆಯ ನಾದದ ಹಾಗೆ ಸುತ್ತಿ ಸುತ್ತಿ ಮೈಮೇಲೆ ಇಳಿಯಿತು. ನಾನು ಕನ್ನಡಿಗ, ಅರ್ಥ ಗೊತ್ತಿದ್ದವನು, ಆದರೂ ಸುಮ್ಮನೆ ಕೂತಿದ್ದೆ. ನಡುವೆ ಬಾಯಿ ಹಾಕಬಾರದು ಎನಿಸಿತು. ಅವಳು ಹಿಂದಿಗೆ ಹೋದಳು, ತಮಿಳಿಗೆ ಹೋದಳು. ಟ್ಯಾಂಕಿನ ಬಾಯಿಯ ಬೆಳಕಿನಲ್ಲಿ ಒಂದು ನರೆತ ತಲೆ, ಒಂದು ಕಿವಿ, ಅಲುಗಾಡದೆ ಕಾಯುತ್ತಿತ್ತು. ಆ ಕಿವಿಯನ್ನು ಕಂಡ ಮೇಲೆ ನನಗೆ ಎಚ್ಚರವಾಯಿತು.

"ಓ! ನಾನಿದ್ದೀನಿ! ಒಳಗೆ ಇದ್ದೀನಿ ಕಣ್ರೀ!"

ತೆವಳುತ್ತ ಹೊರಬಂದಾಗ ವಸಂತ್ ಬಿಳಿಚಿಕೊಂಡು, "ಏನ್ ಸಾರ್ ನೀವು, ಪೈಪ್ ಬಿಡ್ತಿದ್ವಲ್ಲ!" ಎಂದು ಮೊದಲ ಬಾರಿಗೆ ನನ್ನನ್ನೇ ಗದರಿದ. ಗದಿಗೆಪ್ಪನವರು ಗದರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದರು. ಕಣ್ಣೀರು ಗಲ್ಲದ ನರೆತ ಕೂದಲಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದೆಳೆದು, ಇಲ್ಲದ ದನಿಯಲ್ಲಿ ಅದನ್ನೇ ಮತ್ತೆ ಮತ್ತೆ ಅನ್ನುತ್ತಿದ್ದರು. "ಓ ಅಂದ್ರಲ್ರಿ ಸಾಹೇಬ್ರ. ಓ ಅಂದ್ರಲ್ಲ." ಮಹಾನಂದಾ ಸೆರಗಿನಿಂದ ಅವರ ಮುಖ ಒರೆಸಿದಳು.

ಮುಂದಿನ ಬೇಸಗೆಗೆ ಅವರು ಇರಲಿಲ್ಲ. ಷೆಡ್ಡಿನಲ್ಲಿ ಈಗಲೂ ಕೂಗುತ್ತಾರೆ, ಕೆಲವು ದಿನ ಮರೆಯುತ್ತಾರೆ. ನಾನು ಹೋದ ದಿನ ಮರೆಯಲು ಬಿಡುವುದಿಲ್ಲ. ಲೋಕದಲ್ಲಿ ಕಟ್ಟಿದವರಿಗೆ ಸಮಾರಂಭವುಂಟು, ಒಡೆದವರಿಗೆ ಲಾಭವುಂಟು. ಇವೆರಡರ ನಡುವೆ, ಮುಚ್ಚುವ ಗಳಿಗೆಯಲ್ಲಿ ಎಲ್ಲರ ಅವಸರಕ್ಕೂ ಅಡ್ಡಿಯಾಗಿ ಮಂಡಿಯೂರಿ, ಕತ್ತಲನ್ನು ವಿಚಾರಿಸಿಕೊಳ್ಳುವ ಕೆಲವರಿರುತ್ತಾರೆ. ಅವರ ಕೆಲಸ ಸರಿಯಾಗಿ ನಡೆದಷ್ಟು ಕಾಲ ಏನೂ ಸಂಭವಿಸುವುದಿಲ್ಲ, ಯಾರೂ ಓಗೊಡುವುದಿಲ್ಲ, ಆದ್ದರಿಂದ ಅವರು ಬೇಕಾಗಿದ್ದರೆಂದು ತೋರಿಸಲು ಯಾವ ಪುರಾವೆಯೂ ಉಳಿಯುವುದಿಲ್ಲ. ನಾವು ಅವರನ್ನು ಕಂಡು ಗಡಿಯಾರ ನೋಡಿಕೊಳ್ಳುತ್ತೇವೆ. ಇಂಥವರು ದಣಿಯುವುದು ಕೂಗಿ ಅಲ್ಲ, ಕಾದು. ಹೆಚ್ಚಿನವರು ಒಂದು 'ಓ' ಕೂಡ ಕೇಳದೆಯೇ ಹೋಗಿಬಿಡುತ್ತಾರೆ.