ಕೆರೆಯ ದಂಡೆಯ ಡಬ್ಬಿ

ಶ್ರಾವಣ ಹತ್ತಿರ ಬಂತೆಂದರೆ ಸಾಲಗುಂದದ ಗ್ಯಾನಮ್ಮನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಪಂಚಮಿ ಹಬ್ಬಕ್ಕೆಂದು ಕರೆಯಲು ಬಂದ ಅಣ್ಣತಮ್ಮಂದಿರ ಹಿಂದೆ ಚೀಲ ಹಿಡಿದು ತವರಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಇವಳು ಸೆರಗು ಸಿಗಿಸಿ ಗದ್ದೆಗೆ ಇಳಿದುಬಿಡುವಳು. "ಯಾಕಬೇ ಗ್ಯಾನವ್ವ, ಈ ವರ್ಷಾನೂ ಹೋಗೂದಿಲ್ಲೇನು?" ಎಂದು ಯಾರಾದರೂ ಕೇಳಿದರೆ, "ಸಸಿ ಹಚ್ಚೂದೈತಿ. ಕಾಲುವಿ ನೀರು ನಮ್ಮ ಹಬ್ಬ ಮುಗಿಯೂತನ ಕಾಯ್ತದೇನು?" ಎಂದು ಬಾಯಿ ಮುಚ್ಚಿಸುವಳು. ಸಸಿ ಹಚ್ಚುವುದು ಊರಿಗೆಲ್ಲ ಇತ್ತು ಬಿಡಿ. ಕರೆಯಲು ಬರುವವನು ಮಾತ್ರ ಇವಳಿಗೊಬ್ಬಳಿಗೇ ಇರಲಿಲ್ಲ.

ಇರಲಿಲ್ಲ ಅಂದರೆ, ಇದ್ದ. ಗುರುಗುಂಟಾದಲ್ಲಿ ಒಡಹುಟ್ಟಿದ ಅಣ್ಣ ವೆಂಕೋಬ ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿಯೇ ಇದ್ದ. ಆದರೆ ಗ್ಯಾನಮ್ಮ ತನ್ನ ಮಗಳನ್ನು ಅವನ ಮಗನಿಗೆ ಕೊಡದೆ, ಸಿಂಧನೂರಿನ ರೈಸ್‌ಮಿಲ್ಲಿನ ಹುಡುಗನಿಗೆ ಕೊಟ್ಟಿದ್ದಕ್ಕೆ ಅವನಿಗೆ ಉರಿದುಹೋಗಿತ್ತು. "ಕುರಿಕಾಯೋರ ಮನಿ ನಿನಗೀಗ ಸಣ್ಣದಾತು. ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ" ಎಂದುಬಿಟ್ಟ. ಇವಳೇನು ಕಡಿಮೆಯೇ? "ನೀನಾಗಿ ಕರಿಯೂತನ ತುಳಿಯೂದಿಲ್ಲ ತಗೋ" ಎಂದು ಬಸ್ಸು ಹತ್ತಿದಳು. ಇಬ್ಬರದೂ ಒಂದೇ ಹೊಟ್ಟೆಯ ಹಟ. ಆಮೇಲೆ ಅವನು ಕರೆಯಲೂ ಇಲ್ಲ, ಇವಳು ತುಳಿಯಲೂ ಇಲ್ಲ. ಗಂಡ ಗದ್ದೆಪ್ಪ ಹೇಳಿ ಹೇಳಿ ಸಾಕಾಗಿ ಸುಮ್ಮನಾದ. ಕರೆ ಬಾರದೆ ತವರಿಗೆ ಹೋಗಿ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಎಂದುಕೊಂಡಿದ್ದ ಗ್ಯಾನಮ್ಮ, ಆ ಒಂದು ಕರೆಗಾಗಿ ಒಳಗೊಳಗೇ ಸಾಯುತ್ತಿದ್ದಳು.

ಗುರುಗುಂಟಾದ ಗುಡ್ಡದ ಹಿಂದೆ ಒಂದು ಕೆರೆ ಇದೆ. ಅಣ್ಣ ತಂಗಿ ಇಬ್ಬರೂ ಕುರಿ ಕಾಯುತ್ತ ಬೆಳೆದದ್ದು ಅದರ ದಂಡೆಯ ಮೇಲೆ. ಎಂಬತ್ತನೇ ಇಸವಿಯ ಸುಮಾರಿಗೆ ಅರಣ್ಯ ಇಲಾಖೆಯವರು ಕಾಯ್ದಿಟ್ಟ ಕಾಡೆಂದು ಸುತ್ತ ಕಂದಕ ತೋಡಿ ಬೋರ್ಡು ನೆಟ್ಟರು. ಕುರಿಗಳು ಹೋದವು, ಜಾಲಿ ಬೆಳೆಯಿತು. ಅದಕ್ಕೂ ಮೊದಲು ಅಲ್ಲಿ ಕುರಿಗಾರರದೊಂದು ರೂಢಿಯಿತ್ತು. ಬಂಡೆಯ ಸಂದಿಯಲ್ಲಿ ಒಂದು ತಗಡಿನ ಡಬ್ಬಿ. ಅದರೊಳಗೆ ಕಡ್ಡಿಪೆಟ್ಟಿಗೆ, ಉಪ್ಪು, ಬೀಡಿ, ಸೂಜಿದಾರ, ಹೀಗೆ ಏನಾದರೊಂದು ಇರುತ್ತಿತ್ತು. ಬೇಕಾದವರು ತೆಗೆದುಕೊಳ್ಳಬೇಕು, ತೆಗೆದುಕೊಂಡವರು ತಮ್ಮ ಕೈಲಾದದ್ದನ್ನು ಇಡಬೇಕು. ಯಾರಿಟ್ಟರೆಂದು ಕೇಳಬಾರದು. ಕುರಿ ಕಾಯದವರಿಗೆ ಜಾಗ ತೋರಿಸಬಾರದು. ಅಷ್ಟೇ ಕಾನೂನು, ಮತ್ತು ಅದನ್ನು ಮುರಿದವರು ಯಾರೂ ಇಲ್ಲ.

ಹೋದ ವರ್ಷ ಬಳಗದವರ ಮದುವೆಗೆ ಆ ಕಡೆ ಹೋದಾಗ ಗ್ಯಾನಮ್ಮನಿಗೆ ಅದೇನು ತಿಳಿಯಿತೋ, ಯಾರಿಗೂ ಹೇಳದೆ ಕೆರೆಗೆ ಹೋಗಿ, ಇನ್ನೂ ಅಲ್ಲೇ ಇದ್ದ ಆ ಡಬ್ಬಿಯಲ್ಲಿ ಒಂದು ಗಂಟು ಶೇಂಗಾ ಉಂಡಿ ಇಟ್ಟು ಬಂದಿದ್ದಳು. ಅಣ್ಣನಿಗೆ ಶೇಂಗಾ ಉಂಡಿ ಎಂದರೆ ಪ್ರಾಣ. ಕಂದಕ ಹಾರಿ ಅವನೊಬ್ಬ ಈಗಲೂ ಆಡು ಮೇಯಿಸುತ್ತಾನೆಂದು ಮದುವೆ ಮನೆಯಲ್ಲಿ ಯಾರೋ ಅಂದಿದ್ದರು. ತಿಂದರೆ ತಂಗಿಯ ಕೈಯೆಂದು ನಾಲಿಗೆಗಾದರೂ ಗೊತ್ತಾಗಲಿ ಎಂಬುದು ಅವಳ ಆಸೆ.

ಈ ವರ್ಷ ಪಂಚಮಿ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ಲಿಂಗಸೂಗೂರ ಸಂತಿಗೆ ಹೋಗಿಬರ್ತೀನಿ" ಎಂದಳು.

"ಸಿಂಧನೂರಾಗ ಸಿಗಲಾರದ್ದು ಅಲ್ಲೇನ್ ಸಿಗತೈತಿ?" ಗದ್ದೆಪ್ಪ ನಕ್ಕ.

"ಸಿಕ್ಕ ಮ್ಯಾಲ ಹೇಳ್ತೀನಿ, ಸುಮ್ನಿರು."

ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ, ಲಿಂಗಸೂಗೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು, ಗುರುಗುಂಟಾ ಬರುವ ಮೊದಲೇ ಇಳಿದಳು. ಒಂದೇ ವರ್ಷದಲ್ಲಿ ಜಾಲಿ ಆಳೆತ್ತರ ಬೆಳೆದು ದಾರಿಯನ್ನೇ ನುಂಗಿತ್ತು. ಮುಳ್ಳಿಗೆ ಸೀರೆ ಸಿಕ್ಕಿಸಿಕೊಳ್ಳುತ್ತ, ಜಾಲಿಗೂ ಅದನ್ನು ಬೆಳೆಸಿದವರಿಗೂ ಸೇರಿಸಿ ಬೈಯುತ್ತ ನಡೆದಳು. ಕೊನೆಗೆ ನೀರು ಕಂಡಿತು. ಆಹಾ, ಎಂಥ ನೀರು! ಗಾಳಿಯಿಲ್ಲ, ಅಲೆಯಿಲ್ಲ, ಗುಡ್ಡದ ನೆರಳು ಹಾಗೇ ಮಲಗಿತ್ತು. ಒಂದು ಕೊಕ್ಕರೆ ಇವಳನ್ನು ನೋಡಿಯೂ ನೋಡದ ಹಾಗೆ ನಿಂತಿತ್ತು. ಗ್ಯಾನಮ್ಮ ಬೊಗಸೆ ನೀರು ಕುಡಿದು, ಮುಖ ತೊಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಗುರುತು ಅವಳಿಗೆ ಬಾಯಿಪಾಠ. ತೂಬಿನ ಕಲ್ಲಿಗೆ ಬೆನ್ನು ಕೊಟ್ಟು ನಿಂತರೆ ಎದುರಿಗೆ ಬೇವಿನ ಗಿಡ. ಬೇವಿನ ಬಲಕ್ಕೆ ಒಲೆಗುಂಡಿನ ಹಾಗೆ ಮೂರು ಬಂಡೆ. ಆದರೆ ಬೇವನ್ನು ಬಳ್ಳಿ ಮುಚ್ಚಿತ್ತು, ಬಂಡೆಗಳ ಸುಳಿವಿಲ್ಲ. ಕೋಲಿನಿಂದ ಬಡಿದು ಬಡಿದು ಹುಡುಕಿದಳು. ಕೋಲು ಕಲ್ಲಿಗೆ ಟಣ್ಣೆಂದಿತು. ಹಾವು ಹುಳ ಇದ್ದೀತೆಂದು ಮೊದಲು ಕೋಲು ಆಡಿಸಿ, ಆಮೇಲೆ ಸಂದಿಗೆ ಕೈ ಹಾಕಿ ಡಬ್ಬಿ ಎಳೆದಳು.

ಉಂಡಿ ಇರಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳಿದ್ದವು, ಮೈಮೇಲೆ ಹಳದಿ ಚುಕ್ಕೆ.

ಗ್ಯಾನಮ್ಮ ಬಳೆಗಳನ್ನು ಅಂಗೈಯಲ್ಲಿಟ್ಟು ನೋಡಿದಳು. ಅಣ್ಣನಾದವನು ಪಂಚಮಿಗೆ ತಂಗಿಗೆ ಬಳೆ ಕೊಡುತ್ತಾನೆಂದರೆ ಅದಕ್ಕೆ ಬೇರೆ ಅರ್ಥವುಂಟೇ? ಬಾಯಿ ಬಿಟ್ಟು ಕರೆಯಲು ಸೊಕ್ಕು ಬಿಡಲಿಲ್ಲ, ಹೀಗೆ ಕರೆದಿದ್ದಾನೆ ಪುಣ್ಯಾತ್ಮ! ಅಲ್ಲೇ ಕುಳಿತು ಬಳೆ ತೊಟ್ಟುಕೊಂಡಳು. ರೂಢಿ ಬಿಡಬಾರದೆಂದು ಚೀಲದಲ್ಲಿದ್ದ ತಂಬಿಟ್ಟಿನ ಉಂಡಿಯೊಂದನ್ನು ಡಬ್ಬಿಯಲ್ಲಿಟ್ಟು, ಮುಚ್ಚಿ, ನೆಟ್ಟಗೆ ಊರಿನ ದಾರಿ ಹಿಡಿದಳು. ಮುಳ್ಳು ಚುಚ್ಚಿದ್ದೂ ಗೊತ್ತಾಗಲಿಲ್ಲ.

ವೆಂಕೋಬ ಪಡಸಾಲೆಯಲ್ಲಿ ಹೊರಸಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ತಂಗಿಯನ್ನು ಕಂಡು ಬಾಯಿ ತೆರೆದವನು ಹಾಗೇ ಉಳಿದ.

"ಕರದಿ, ಬಂದೀನಿ" ಎಂದಳು ಗ್ಯಾನಮ್ಮ ಬಾಗಿಲಲ್ಲೇ ನಿಂತು. ಕೈ ಮುಂದೆ ಚಾಚಿದಳು. "ಡಬ್ಬ್ಯಾಗ ಬಳಿ ಇಟ್ಟಿದ್ದು ನೀನ ಹೌದಲ್ಲೋ ಅಣ್ಣ?"

ವೆಂಕೋಬ ಬಳೆ ನೋಡಿದ, ಅವಳ ಮುಖ ನೋಡಿದ.

"ಹ್ಞೂ, ನಾನ ಇಟ್ಟೀನಿ. ಒಳಗ ಬಾ ಯವ್ವ."

ಅತ್ತಿಗೆ ಪಾರ್ವತೆಮ್ಮ ಒಳಗಿನಿಂದ ಓಡಿಬಂದು ನಾದಿನಿಯನ್ನು ತಬ್ಬಿಕೊಂಡಳು. ನೀರು ಕೊಟ್ಟಳು, ಚಹಾಕ್ಕಿಟ್ಟಳು, ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಹಬ್ಬದ ಬಳೆ ಇಡಿಸಲು ಬಳೆಗಾರ್ತಿ ರಮಜಾನಬಿ ಬುಟ್ಟಿ ಹೊತ್ತು ಬಂದಳು. ಅವಳ ಗಂಡ ಮಸ್ತಾನಸಾಬ ಕೆರೆಯ ಸುತ್ತಲಿನ ಆ ಕಾಡಿನ ವಾಚರ್. ಬುಟ್ಟಿ ಇಳಿಸಿದವಳ ಕಣ್ಣು ನೇರ ಗ್ಯಾನಮ್ಮನ ಕೈಗೆ ಬಿತ್ತು.

"ಯಾ ಅಲ್ಲಾ! ಇದು ನನ್ನ ಮಾಲು! ಈ ಚುಕ್ಕಿ ಬಳಿ ಯಾರೂ ತಗೊಳ್ಳಲಿಲ್ಲ ಅಂತ ಮೂಲ್ಯಾಗ ಇಟ್ಟಿದ್ದೆ. ನಮ್ಮ ಮನಿಯಾಂವ ಕೆರಿ ಡಬ್ಬ್ಯಾಗ ಇಡಾಕ ಒಯ್ದ. ಯಾವಾಕೋ ಅಕ್ಕ ಶೇಂಗಾ ಉಂಡಿ ಇಟ್ಟಾಳ, ತಿಂದು ಸುಮ್ನ ಕುಂತ್ರ ಹರಾಮ ಆಗತೈತಿ ಅಂದ. ಸಣ್ಣಾಂವಿದ್ದಾಗ ಅವನೂ ಕುರಿ ಕಾದಾಂವಲ್ಲ! ಆ ಉಂಡಿ ನೀನ ಇಟ್ಟಿದ್ದೇನವ್ವ?"

ಪಾರ್ವತೆಮ್ಮ ಗಂಡನತ್ತ ತಿರುಗಿದಳು. "ಅಲ್ರೀ, ಬಂಡಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ ಮ್ಯಾಲ ನೀವು ಅಂಗಳಾನೂ ದಾಟಿಲ್ಲ. ಆಡು ಮಾರಿ ವರ್ಷ ಆಗಾಕ ಬಂತು. ಕೆರಿಗೆ ಯಾವಾಗ ಹೋಗಿದ್ರಿ?"

ಗ್ಯಾನಮ್ಮನಿಗೆ ಆಗ ಕಂಬಳಿಯ ಕೆಳಗಿನ ಸೊಟ್ಟ ಕಾಲು ಕಂಡಿತು. ಕಾಲಿಗಾಗಿ ಸಂಕಟ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಹಾಗಾದರೆ ಯಾರೂ ಕರೆದಿರಲಿಲ್ಲ. ಕರೆಯದ ಮನೆಗೆ ಬಳೆ ತೊಟ್ಟುಕೊಂಡು, ಹಲ್ಲು ಕಿಸಿದುಕೊಂಡು ಬಂದು ನಿಂತಿದ್ದಳು. ಮೆಲ್ಲಗೆ ಎದ್ದು ಚೀಲ ತೆಗೆದುಕೊಂಡಳು.

"ತಪ್ಪ ತಿಳಕೊಂಡೆ. ಕಾಲು ಜ್ವಾಕಿ. ಬಸ್ಸಿನ ಹೊತ್ತಾತು."

"ಕುಂದ್ರು!" ವೆಂಕೋಬ ಗದರಿದ. "ನಾ ಇಟ್ಟಿಲ್ಲ ಅಂದಿದ್ರ ಬಾಗಲಾಗಿಂದನ ಹೊಳ್ಳಿ ಹೋಗ್ತಿದ್ದಿ. ನಿನ್ನ ಹಟ ನನಗ ಗೊತ್ತಿಲ್ಲೇನು? ಅದಕ್ಕ ಹ್ಞೂ ಅಂದೆ."

ಗ್ಯಾನಮ್ಮ ತಿರುಗಲಿಲ್ಲ.

"ಕಾಲು ನೆಟ್ಟಗಿದ್ರ ಬಂದು ಕರೀತಿದ್ದೆ ಅಂತ ಇನ್ನೊಂದು ಸುಳ್ಳ ಹೇಳೂದಿಲ್ಲ. ಬರ್ತಿರಲಿಲ್ಲ, ಸೊಕ್ಕಿತ್ತು. ಈಗ ಕರಿಯಾಕತ್ತೀನಿ. ಇವರ ಮುಂದ ಕರಿಯಾಕತ್ತೀನಿ. ಪಂಚಮಿಗೆ ಇರು ತಂಗಿ."

ಗ್ಯಾನಮ್ಮ ಚೀಲ ಇಳಿಸಿ, ಅಣ್ಣನ ಹೊರಸಿನ ಪಕ್ಕ ನೆಲದ ಮೇಲೆ ಕುಳಿತು, ಇಷ್ಟು ವರ್ಷದ್ದೆಲ್ಲ ಸೇರಿಸಿ ಬಾಯಿಬಿಟ್ಟು ಅತ್ತಳು.